ಹಂದಿ ಹೋದ ದಾರಿ ಬೇಡ, ಬಂದ ದಾರಿ ನೋಡಿ: ಸೋಂದಾ ಭಾಗದ ರೈತರು ತಿಳಿದಿರಬೇಕಾದ ವಿಷಯ

ಶಿರಸಿ: ಭತ್ತ ಹಾಲುಗಟ್ಟುವ ಹೊತ್ತಿಗೆ ಸೋಂದಾ ಸುತ್ತಲಿನ ಗದ್ದೆಗಳಲ್ಲಿ ಮಾಳ ಕಾಯುವವರ ಕೂಗು ಶುರುವಾಗುತ್ತದೆ. ಚೌತಿ ಕಳೆದು ದೀಪಾವಳಿ ಬರುವವರೆಗೂ ನಿದ್ದೆ ಅಷ್ಟಕ್ಕಷ್ಟೇ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಹಂದಿ ಹಿಂಡು ಗದ್ದೆಯನ್ನು ಚಾಪೆ ಹಾಸಿದ ಹಾಗೆ ಮಲಗಿಸಿ ಹೋಗಿರುತ್ತದೆ. ತೋಟದಲ್ಲಾದರೆ ಎರೆಹುಳ, ಗಡ್ಡೆ ಹುಡುಕುತ್ತ ಬಾಳೆ ಬುಡ, ಅಡಿಕೆ ಸಸಿ ಕಿತ್ತಿರುತ್ತದೆ. ಸಿಟ್ಟು ಬರುವುದು ಸಹಜ. ಆ ಸಿಟ್ಟಲ್ಲೇ ಬ್ಯಾಟರಿ, ಕೋವಿ, ನಾಯಿ ಸಮೇತ ಹೆಜ್ಜೆ ಹಿಂದೆ ಹೊರಡುವವರೂ ಇದ್ದಾರೆ. ಅದು ಯಾಕೆ ಬೇಡ, ಬದಲಿಗೆ ಏನು ಮಾಡಬಹುದು?

ಮಟ್ಟಿಯೊಳಗೆ ಏನಾಗುತ್ತದೆ?

ಹಂದಿಗೆ ಕಣ್ಣು ಮಂದ. ಮೂಗು, ಕಿವಿ ಬಲು ಚುರುಕು. ನಿಮಗೆ ಅದು ಕಾಣುವ ಮೊದಲೇ ಅದಕ್ಕೆ ನಿಮ್ಮ ವಾಸನೆ ಸಿಕ್ಕಿರುತ್ತದೆ. ಬಯಲಲ್ಲಾದರೆ ಸಾಮಾನ್ಯವಾಗಿ ಓಡಿಹೋಗುತ್ತದೆ. ಆದರೆ ಮಟ್ಟಿಯಲ್ಲಿ ಏಕಾಏಕಿ ಎದುರಾದರೆ, ಮರಿ ಜೊತೆಗಿದ್ದರೆ ಅಥವಾ ಗಾಯವಾಗಿದ್ದರೆ ತಿರುಗಿಬೀಳುತ್ತದೆ. ದೊಡ್ಡ ಗಂಡು ಹಂದಿ ಒಂದು ಕ್ವಿಂಟಾಲ್ ಮೀರಿ ತೂಗಬಹುದು. ಕೆಳಗಿನ ಕೋರೆ ಮೇಲಿನ ಕೋರೆಗೆ ತಿಕ್ಕಿ ತಿಕ್ಕಿ ಸದಾ ಹರಿತವಾಗಿರುತ್ತದೆ. ತಲೆ ತಗ್ಗಿಸಿ ಬಂದು ಮೇಲಕ್ಕೆ ಎತ್ತಿ ಹೊಡೆಯುವುದರಿಂದ ಪೆಟ್ಟು ಹೆಚ್ಚಾಗಿ ತೊಡೆಗೇ. ಅಲ್ಲಿನ ದೊಡ್ಡ ರಕ್ತನಾಳ ಕತ್ತರಿಸಿದರೆ ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಸಿಗದೇ ಹೋಗಬಹುದು. ಯಾರಿಗಾದರೂ ಹೀಗಾದರೆ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ.

ಇನ್ನೊಂದು ಅಪಾಯ ಜೊತೆಗಾರನ ಕೋವಿ. ಹಂದಿ ಎಂದುಕೊಂಡು ಮನುಷ್ಯರಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿಗೆ ಹೊಸದೇನಲ್ಲ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಕಾಡುಹಂದಿ ಬೇಟೆ ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಗೆ ಪಡೆದ ಕೋವಿ ಲೈಸೆನ್ಸ್ ಬೇಟೆಯ ಅನುಮತಿ ಅಲ್ಲ.

ಕೇರಳದಲ್ಲಿ 2022ರಲ್ಲಿ ಪಂಚಾಯತಿ ಅಧ್ಯಕ್ಷರಿಗೆ ಇಂಥ ಅನುಮತಿ ನೀಡುವ ಅಧಿಕಾರ ಕೊಟ್ಟಿದ್ದು ನಿಜ. ಆ ಆದೇಶ ನಮ್ಮಲ್ಲಿ ನಡೆಯುವುದಿಲ್ಲ.

ಅಂಗಡಿಯವರು, ಹೋಟೆಲಿನವರೂ ಗಮನಿಸಿ: ಬೇಟೆಯಾಡಿದ ಹಂದಿಯ ಮಾಂಸ ಕೊಂಡರೂ, ಇಟ್ಟುಕೊಂಡರೂ ಕೇಸು ಬೀಳುತ್ತದೆ. ಕಾನೂನಿನ ಪ್ರಕಾರ ಅದು ಸರ್ಕಾರದ ಸೊತ್ತು.

ಹಾಗಾದರೆ ಏನು ಮಾಡುವುದು?

ಹೆಜ್ಜೆ ಓದುವ ಹಿರಿಯರ ಜಾಣತನ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಗಲಲ್ಲಿ ಇಬ್ಬರು ಮೂವರು ಸೇರಿ ಗದ್ದೆಯ ಅಂಚು ಸುತ್ತಿ. ಬೆಟ್ಟದ ಒಳಗೆ ಹೋಗುವುದು ಬೇಡ. ಕೆಸರಲ್ಲಿ ಎರಡು ಗೊರಸು, ಹಿಂದೆ ಎರಡು ಸಣ್ಣ ಚುಕ್ಕೆ ಕಂಡರೆ ಹಂದಿ ಹೆಜ್ಜೆ. ಬೇಲಿ ಬುಡದಲ್ಲಿ ಸವೆದ ಕಂಡಿ, ತಂತಿಗೆ ಸಿಕ್ಕಿದ ಒರಟು ಕೂದಲು ಹುಡುಕಿ. ಹಂದಿ ರೂಢಿಯ ದಾರಿಯನ್ನೇ ಹಿಡಿದು ಬರುತ್ತದೆ. ಕಂಡಿ ಗೊತ್ತಾದರೆ ಅಗಳ ಎಲ್ಲಿ ಆಳ ಮಾಡಬೇಕು, ಬೇಲಿ ಎಲ್ಲಿ ಬಿಗಿ ಮಾಡಬೇಕು ಎಂಬುದೂ ಗೊತ್ತಾಯಿತು.

ಸೋಲಾರ್ ಬೇಲಿ ಹಾಕುವವರು ಕೆಳಗಿನ ತಂತಿಯನ್ನು ನೆಲದಿಂದ ಒಂದು ಗೇಣು ಎತ್ತರದಲ್ಲೇ ಕಟ್ಟಿ. ಮೇಲಿದ್ದರೆ ಹಂದಿ ಅಡಿಯಿಂದ ನುಸುಳುತ್ತದೆ. ಮಳೆಗಾಲದಲ್ಲಿ ತಂತಿಗೆ ತಾಗುವ ಹುಲ್ಲು ಸವರದಿದ್ದರೆ ಕರೆಂಟ್ ನೆಲಕ್ಕೆ ಇಳಿದು ಬೇಲಿ ದುರ್ಬಲವಾಗುತ್ತದೆ. ಮನೆ ಲೈನಿನಿಂದ ನೇರವಾಗಿ ಕರೆಂಟ್ ಕೊಡುವುದು ಮಾತ್ರ ಬೇಡವೇ ಬೇಡ. ಬೆಳಿಗ್ಗೆ ಹುಲ್ಲಿಗೆ ಹೋದ ಮನೆಯವರೇ ಅದಕ್ಕೆ ಬಲಿಯಾಗಬಹುದು. ಉರುಳು, ಸಿಡಿಮದ್ದು ಕೂಡ ಅಷ್ಟೇ: ಹಂದಿಗೆ ಇಟ್ಟಿದ್ದು ದನಕ್ಕೂ, ಚಿರತೆಗೂ ಆಗುತ್ತದೆ.

ಬೆಳೆ ಹೋಗಿದ್ದರೆ ಕೊಯ್ದು ಸ್ವಚ್ಛ ಮಾಡುವ ಮೊದಲೇ ಫೋಟೊ ತೆಗೆದಿಡಿ. ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಹೋದ ಭತ್ತ ಮುಂದಿನ ವರ್ಷವಾದರೂ ಬೆಳೆಯಬಹುದು. ಮಟ್ಟಿಗೆ ನುಗ್ಗಿದ ಮನುಷ್ಯ ಮನೆಗೆ ಬಾರದಿದ್ದರೆ ಅದಕ್ಕೆ ಯಾವ ಪರಿಹಾರವೂ ಸಾಲದು.