ಪ್ರೊಸೆಸರುಗಳ ಸಂಖ್ಯೆ ಮತ್ತು ಗಣಕಯಂತ್ರದ ವೇಗ

ಗಣಕಯಂತ್ರವು ನಿಧಾನವಾಯಿತೆಂದೊಡನೆ, ಹೆಚ್ಚು ಪ್ರೊಸೆಸರುಗಳುಳ್ಳ ಹೊಸ ಯಂತ್ರವನ್ನು ಕೊಳ್ಳಬೇಕೆಂಬ ಸಲಹೆ ಕೇಳಿಬರುವುದು ಸಾಮಾನ್ಯ. ದಾನಿಗಳ ಔದಾರ್ಯದಿಂದ ನಡೆಯುವ ಸಂಸ್ಥೆಗೆ ಇದೇನೂ ಅಲ್ಪ ವೆಚ್ಚವಲ್ಲ. ನಾಲ್ಕರ ಸ್ಥಾನದಲ್ಲಿ ಎಂಟು ಪ್ರೊಸೆಸರುಗಳನ್ನು ತಂದ ಮೇಲೆಯೂ ಕೆಲಸವು ಮೊದಲಿನಂತೆಯೇ ತೆವಳುವುದುಂಟು. ಹೀಗಾಗಲು ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಯಂತ್ರಾಂಗಗಳಿಗೂ ಬಳಕೆದಾರರ ಕಾರ್ಯಗಳಿಗೂ ನಡುವೆ ನಿಂತು ಸಕಲ ವ್ಯವಹಾರವನ್ನೂ ನಡೆಸುವುದು ಆಪರೇಟಿಂಗ್ ಸಿಸ್ಟಮ್. ಅದರ ಒಳಭಾಗಕ್ಕೆ ಕರ್ನೆಲ್ ಎಂದು ಹೆಸರು. ಕಾಳಿನೊಳಗಿನ ತಿರುಳೆಂಬುದೇ ಆ ಶಬ್ದದ ಅರ್ಥವಾದ್ದರಿಂದ ಹೆಸರು ಅನ್ವರ್ಥವಾಗಿಯೇ ಇದೆ. ಯಾವ ಕೆಲಸ ಯಾವ ಪ್ರೊಸೆಸರಿಗೆ, ಎಷ್ಟು ಹೊತ್ತು ಎಂಬುದನ್ನು ನಿರ್ಣಯಿಸುವುದು ಕರ್ನೆಲ್. ಎರಡು ಪ್ರೊಸೆಸರುಗಳು ಒಂದೇ ಪಟ್ಟಿಯನ್ನು ಏಕಕಾಲದಲ್ಲಿ ತಿದ್ದಹೊರಟರೆ ಲೆಕ್ಕವೇ ಕೆಡುವುದರಿಂದ, ಒಂದು ತಿದ್ದುವಾಗ ಇನ್ನೊಂದು ಕಾಯುವಂತೆ ಅದು ಬೀಗದ ಏರ್ಪಾಟನ್ನೂ ಮಾಡಿರುತ್ತದೆ.

ಈ ಬೀಗದಲ್ಲಿಯೇ ಸಮಸ್ಯೆಯ ಒಂದು ಮೂಲವಿದೆ. ಜಾತ್ರೆಯ ಅಡುಗೆಮನೆಯಲ್ಲಿ ಹತ್ತು ಮಂದಿ ಬಾಣಸಿಗರಿದ್ದು ಉಗ್ರಾಣದ ಬೀಗದ ಕೈ ಒಂದೇ ಇದ್ದರೆ, ಅಕ್ಕಿಗೆಂದು ಹೋದವನು ಹೊರಬರುವವರೆಗೆ ಬೇಳೆಗೆಂದು ಬಂದವನು ಬಾಗಿಲಲ್ಲಿ ನಿಲ್ಲಲೇಬೇಕು. ಲಿನಕ್ಸ್ ವ್ಯವಸ್ಥೆಯು 1996ರಲ್ಲಿ ತನ್ನ 2.0 ಆವೃತ್ತಿಯ ಮೂಲಕ ಬಹುಪ್ರೊಸೆಸರ್ ಯಂತ್ರಗಳಿಗೆ ಒದಗಿದಾಗ ಅದರ ಸ್ಥಿತಿ ಇದೇ ಆಗಿತ್ತು. ಇಡೀ ಕರ್ನೆಲಿಗೆ ಒಂದೇ ದೊಡ್ಡ ಬೀಗ! ತರುವಾಯ ಒಂದೊಂದು ಉಪಾಂಗಕ್ಕೂ ಪ್ರತ್ಯೇಕವಾದ ಚಿಕ್ಕ ಬೀಗಗಳನ್ನು ಅಳವಡಿಸುತ್ತ ಬರಲಾಯಿತು. ಆ ದೊಡ್ಡ ಬೀಗವು ಪೂರ್ಣವಾಗಿ ಮರೆಯಾದದ್ದು 2011ರಲ್ಲಿ, 2.6.39ನೆಯ ಆವೃತ್ತಿಯಲ್ಲಿ. ಒಂದು ಬೀಗವನ್ನು ಕಳಚಲು ಹದಿನೈದು ವರ್ಷಗಳು ಹಿಡಿದವೆಂದರೆ ಕಾರ್ಯದ ಸೂಕ್ಷ್ಮತೆಯನ್ನು ಊಹಿಸಬಹುದು.

ಪ್ರೊಸೆಸರುಗಳು ಹೆಚ್ಚಿದಷ್ಟೂ ವೇಗ ಹೆಚ್ಚುವುದಿಲ್ಲವೆಂಬ ವಾದವನ್ನು ಅಮೆರಿಕದ ಗಣಕ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿಯೇ ಮಂಡಿಸಿದ್ದರು. ಕೆಲಸದ ಶೇಕಡಾ 10 ಭಾಗವು ಒಂದಾದ ಮೇಲೊಂದರಂತೆಯೇ ನಡೆಯತಕ್ಕದ್ದಾದರೆ, ನಾಲ್ಕು ಪ್ರೊಸೆಸರುಗಳಿಂದ ದೊರೆಯುವ ವೇಗ ಸುಮಾರು 3.1 ಪಟ್ಟು, ಹದಿನಾರರಿಂದ 6.4 ಪಟ್ಟು. ಸಾವಿರ ಪ್ರೊಸೆಸರುಗಳನ್ನು ಜೋಡಿಸಿದರೂ 10 ಪಟ್ಟನ್ನು ಮೀರಲಾಗದು.

ಹಾಗಾದರೆ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು? ಲಿನಕ್ಸ್ ಯಂತ್ರವು ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಹೊರೆಯನ್ನು ಮೂರು ಅಂಕಿಗಳಲ್ಲಿ ತೋರಿಸುತ್ತದೆ. ಈ ಅಂಕಿಗಳನ್ನು ಪ್ರೊಸೆಸರುಗಳ ಸಂಖ್ಯೆಯೊಡನೆ ಹೋಲಿಸಿ ಓದಬೇಕು. ಒಂದೇ ಪ್ರೊಸೆಸರಿಗೆ ಹೊರೆ 4 ಎಂದರೆ ಮಿತಿಮೀರಿದ್ದು. ಎಂಟಿದ್ದಲ್ಲಿ ಅದು ಹಗುರವೇ ಸರಿ. ಆದರೆ ಇಲ್ಲೊಂದು ಮೋಸವುಂಟು. ಪ್ರೊಸೆಸರಿಗಾಗಿ ಕಾದವುಗಳ ಜೊತೆಗೆ ಡಿಸ್ಕಿನಿಂದ ಮಾಹಿತಿ ಬರಲೆಂದು ಕಾದು ನಿಂತ ಕೆಲಸಗಳನ್ನೂ ಲಿನಕ್ಸ್ ಈ ಲೆಕ್ಕದಲ್ಲಿ ಸೇರಿಸುತ್ತದೆ. ಆದುದರಿಂದ ಪ್ರೊಸೆಸರುಗಳು ಸುಮ್ಮನೆ ಕುಳಿತಿರುವಾಗಲೂ ಹೊರೆಯ ಅಂಕಿ ಏರಬಹುದು. ಅಂಥಲ್ಲಿ ಹೊಸ ಪ್ರೊಸೆಸರಿಗೆ ಸುರಿದ ಹಣ ವ್ಯರ್ಥವೆನ್ನಲು ಸಂಕೋಚಪಡಬೇಕಿಲ್ಲ. ಮೆಮೊರಿ ಸಾಲದೆ ಕರ್ನೆಲ್ ಮಾಹಿತಿಯನ್ನು ಪದೇ ಪದೇ ಡಿಸ್ಕಿಗೆ ಸಾಗಿಸಿ ಮರಳಿ ತರುತ್ತಿದ್ದರೂ ಇದೇ ಲಕ್ಷಣ ತೋರುತ್ತದೆ. ಮೆಮೊರಿಯನ್ನು ಹೆಚ್ಚಿಸುವುದೇ ಅದಕ್ಕೆ ಮದ್ದು.

ಕರ್ನೆಲಿನ ಆಯ್ಕೆಯೇ ತಪ್ಪಿದ್ದೂ ಉಂಟು. ಹಿಂದೆ ಒಂಟಿ ಪ್ರೊಸೆಸರಿಗೂ ಬಹುಪ್ರೊಸೆಸರುಗಳಿಗೂ ಬೇರೆ ಬೇರೆ ಕರ್ನೆಲುಗಳನ್ನು ಒದಗಿಸಲಾಗುತ್ತಿತ್ತು. ಮೊದಲನೆಯದನ್ನು ಸ್ಥಾಪಿಸಿದ ಯಂತ್ರದಲ್ಲಿ ಎರಡನೆಯ ಪ್ರೊಸೆಸರು ಇದ್ದೂ ಇಲ್ಲದಂತಾಗುತ್ತಿತ್ತು. ಇಂದಿಗೂ ಕರ್ನೆಲ್ ಎಷ್ಟು ಪ್ರೊಸೆಸರುಗಳನ್ನು ಗುರುತಿಸಿದೆ ಎಂಬುದನ್ನು ಎಣಿಸಿ ನೋಡುವುದು ಒಳಿತು.

ಇವೆಲ್ಲವನ್ನೂ ಅಳೆದು ನೋಡಿದ ಮೇಲೆಯೇ ಕರ್ನೆಲಿನ ವಿನ್ಯಾಸಗಳಿಗೆ ಕೈಹಚ್ಚಬೇಕು. ಹಳೆಯ ಮೌಲ್ಯವನ್ನು ಬರೆದಿಟ್ಟುಕೊಂಡು ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಯಂತ್ರವನ್ನು ಆರಂಭಿಸುವಾಗ ಒಂದೇ ಪ್ರೊಸೆಸರನ್ನು ಬಳಸುವಂತೆ ಲಿನಕ್ಸಿಗೆ ಆದೇಶಿಸಲು ಅವಕಾಶವಿದೆ. ಹಾಗೆ ಆರಂಭಿಸಿ ಅದೇ ಕೆಲಸವನ್ನು ಮಾಡಿಸಿದಾಗಲೂ ಮೊದಲಿನಷ್ಟೇ ಕಾಲ ಹಿಡಿದರೆ, ಉಳಿದ ಪ್ರೊಸೆಸರುಗಳಿಂದ ಆ ಕೆಲಸಕ್ಕೆ ಏನೂ ಒದಗುತ್ತಿರಲಿಲ್ಲವೆಂದಾಯಿತು. ಆಗ ಹುಡುಕಬೇಕಾದುದು ಡಿಸ್ಕಿನಲ್ಲಿ, ಮೆಮೊರಿಯಲ್ಲಿ, ಇಲ್ಲವೇ ಆ ಕಾರ್ಯಕ್ರಮವನ್ನು ಬರೆದ ರೀತಿಯಲ್ಲಿ.