ಬಿಸಿಲಲ್ಲಿ ಆಫ್, ತಣ್ಣಗಾದ್ರೆ ಸ್ಟಾರ್ಟ್: ಕಾರಿನ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆಯಾ?

ಹೀಗೆ ಅಂದ್ಕೊಳ್ಳಿ: ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟಿದ್ದೀರಿ. ಮಧ್ಯಾಹ್ನದ ಬಿಸಿಲು. ಐಮಂಗಲದ ಹತ್ರ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಎಂಜಿನ್ ದಿಢೀರ್ ಅಂತ ಆಫ್. ಹಿಂದೆ ಲಾರಿ ಬರ್ತಿದೆ.

ಗಾಬರಿ ಬೇಡ. ಎಂಜಿನ್ ನಿಂತ್ರೆ ಸ್ಟೇರಿಂಗ್ ಗಟ್ಟಿಯಾಗುತ್ತೆ, ಬ್ರೇಕ್ ಕೂಡ ಒಂದೆರಡು ಸಲ ಒತ್ತಿದ ಮೇಲೆ ಬಿಗಿಯಾಗುತ್ತೆ. ಹಾಗಾಗಿ ಬ್ರೇಕನ್ನು ಪದೇ ಪದೇ ಒತ್ತದೆ, ಗಾಡಿ ಉರುಳುತ್ತಿರುವಾಗಲೇ ಎಡಕ್ಕೆ ತನ್ನಿ. ಹಜಾರ್ಡ್ ಲೈಟ್ ಹಾಕಿ, ಇಳಿದು ರಸ್ತೆಯಿಂದ ದೂರ ನಿಲ್ಲಿ. ಸಹಾಯಕ್ಕೆ 1033.

ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತಾ? ಆಗ ಮೊದಲು ಅನುಮಾನ ಪಡಬೇಕಾದವುಗಳಲ್ಲಿ ಒಂದು ಕ್ರ್ಯಾಂಕ್ ಪೊಸಿಷನ್ ಸೆನ್ಸರ್.

ಇದರ ಕೆಲಸ ಏನು? ಕ್ರ್ಯಾಂಕ್‌ಶಾಫ್ಟ್ ಜೊತೆ ಒಂದು ಹಲ್ಲಿನ ಚಕ್ರ ತಿರುಗುತ್ತೆ. ಎಷ್ಟೋ ಕಾರುಗಳಲ್ಲಿ 60 ಹಲ್ಲಿನ ಜಾಗ, ಅದರಲ್ಲಿ 2 ಖಾಲಿ. ಆ ಖಾಲಿ ಜಾಗ ನೋಡಿಯೇ ಎಂಜಿನ್ ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಅಂತ ಗೊತ್ತಾಗೋದು. ಸಿಗ್ನಲ್ ನಿಂತ್ರೆ ಹೆಚ್ಚಿನ ಕಾರುಗಳಲ್ಲಿ ಇಂಧನವೂ ಇಲ್ಲ, ಕಿಡಿಯೂ ಇಲ್ಲ. ಸೆನ್ಸರ್ ಒಳಗಿನ ಸಂಪರ್ಕ ಬಿಸಿಗೆ ಬಿಟ್ಟುಕೊಂಡು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳಬಹುದು. ಅದಕ್ಕೇ ಈ ಆಟ.

ಆದ್ರೆ ಬಿಸಿಗೆ ಫ್ಯೂಯಲ್ ಪಂಪು, ರಿಲೇ ಕೂಡ ಕೈಕೊಡ್ತವೆ. ಬೇರ್ಪಡಿಸೋದು ಹೇಗೆ? ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಿ. ಬ್ಲೂಟೂತ್ ಸ್ಕ್ಯಾನರ್ ಆದ್ರೆ ನಿಮ್ಮ ಫೋನೇ ಸಾಕು. ಗಾಡಿ ಸ್ಟಾರ್ಟ್ ಆಗದೇ ಇರುವಾಗಲೇ ಸೆಲ್ಫ್ ಹೊಡೆದು ಆರ್‌ಪಿಎಂ ನೋಡಿ. ಎಂಜಿನ್ ತಿರುಗ್ತಿದ್ರೂ ಸೊನ್ನೆಯೇ ಇದ್ರೆ ಸೆನ್ಸರ್ ಅಥವಾ ಅದರ ವೈರ್ ಕಡೆ ಬೆರಳು. 200ರ ಆಸುಪಾಸು ಬರ್ತಿದ್ರೆ ಸಿಗ್ನಲ್ ಇದೆ. ಇಂಧನ, ಇಗ್ನಿಷನ್ ಕಡೆ ಹುಡುಕಿ.

ಪಿ0335 ಕೋಡ್ ಬಂತು ಅಂತ ತಕ್ಷಣ ಸೆನ್ಸರ್ ಬದಲಾಯಿಸಬೇಡಿ. ಆ ಕೋಡ್ ಹೇಳೋದು ‘ಸೆನ್ಸರ್ ಸರ್ಕ್ಯೂಟ್‌ನಲ್ಲಿ ದೋಷ’ ಅಂತ ಮಾತ್ರ. ಕಪ್ಲರ್‌ನಲ್ಲಿ ಆಯಿಲ್, ತುಕ್ಕು, ಇಲಿ ಕಡಿದ ವೈರ್, ಸೆನ್ಸರ್ ತುದಿಗೆ ಅಂಟಿದ ಕಬ್ಬಿಣದ ಪುಡಿ ಇವೆಲ್ಲಾ ಅದೇ ಕೋಡ್ ತರಬಹುದು.

ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರ್ ಆದ್ರೆ ಮಲ್ಟಿಮೀಟರಿನಲ್ಲಿ ಓಮ್ಸ್ ಅಳೆದು ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಬೇಕು, ಬಿಸಿ ಇದ್ದಾಗಲೂ, ತಣ್ಣಗಿದ್ದಾಗಲೂ. ಮೂರು ವೈರಿನ ಹಾಲ್ ಸೆನ್ಸರ್‌ಗೆ ಓಮ್ಸ್ ಪರೀಕ್ಷೆ ಬೇಡ. ಮೊದಲು ಕರೆಂಟ್ ಬರ್ತಿದೆಯಾ, ಅರ್ಥಿಂಗ್ ಸರಿ ಇದೆಯಾ ನೋಡಿಸಿ.

ಗ್ಯಾರೇಜಿನಲ್ಲಿ ‘ಸೆನ್ಸರ್ ಹೋಗಿದೆ’ ಅಂದ್ರೆ ಒಂದೇ ಪ್ರಶ್ನೆ ಕೇಳಿ: “ಅಣ್ಣಾ, ಸೆಲ್ಫ್ ಹೊಡೆದಾಗ ಆರ್‌ಪಿಎಂ ಎಷ್ಟು ತೋರಿಸ್ತು?” ಉತ್ತರ ಸಿಕ್ಕ ಮೇಲೆ ದುಡ್ಡು ಬಿಚ್ಚಿ. ಆದ್ರೆ ತಣ್ಣಗಾದ್ಮೇಲೆ ಸ್ಟಾರ್ಟ್ ಆಯ್ತಲ್ಲ ಅಂತ ಹಾಗೇ ಓಡಿಸಬೇಡಿ. ಮುಂದಿನ ಸಲ ಎಡಕ್ಕೆ ಬರೋಕೆ ಜಾಗ ಇರುತ್ತೆ ಅಂತ ಹೇಳೋಕಾಗಲ್ಲ.