ವೀಡಿಯೊ ಸಂಕಲನದಲ್ಲಿ ಮೀಡಿಯಾ ಕ್ಯಾಶ್

ಮೀಡಿಯಾ ಕ್ಯಾಶ್ ಎಂಬುದು ವೀಡಿಯೊ ಸಂಕಲನ ತಂತ್ರಾಂಶಗಳು ಕೆಲಸವನ್ನು ವೇಗಗೊಳಿಸಲು ತಾವಾಗಿಯೇ ಸೃಷ್ಟಿಸಿಕೊಳ್ಳುವ ತಾತ್ಕಾಲಿಕ ಕಡತಗಳ ಸಂಗ್ರಹ. ಮೂಲ ದೃಶ್ಯ ಹಾಗೂ ಧ್ವನಿ ಕಡತಗಳಿಂದ ಇವನ್ನು ಮತ್ತೆ ತಯಾರಿಸಬಹುದಾದ್ದರಿಂದ, ಇವು ಅಳಿದುಹೋದರೂ ಸಂಕಲನದ ಕೆಲಸ ನಷ್ಟವಾಗುವುದಿಲ್ಲ. ಆದಕಾರಣ ಕ್ಯಾಶ್‌ಗಾಗಿ ಡ್ರೈವ್ ಆರಿಸುವಾಗ ಸುರಕ್ಷತೆಗಿಂತ ವೇಗವೇ ಮುಖ್ಯ ಮಾನದಂಡವಾಗಿರುತ್ತದೆ.

ಸ್ವರೂಪ

ಅಡೋಬಿ ಪ್ರೀಮಿಯರ್ ಪ್ರೊ ತಂತ್ರಾಂಶಕ್ಕೆ ವೀಡಿಯೊವನ್ನು ಸೇರಿಸಿದಾಗ, ಸಂಕುಚಿತ ಧ್ವನಿಯನ್ನು ಬಿಡಿಸಿ ಬರೆದ ‘ಸಿಎಫ್‌ಎ’ ಕಡತಗಳು ಮತ್ತು ಧ್ವನಿತರಂಗದ ಚಿತ್ರವನ್ನು ತೋರಿಸಲು ಬೇಕಾದ ‘ಪಿಇಕೆ’ ಕಡತಗಳು ಉಂಟಾಗುತ್ತವೆ. ಆಫ್ಟರ್ ಎಫೆಕ್ಟ್ಸ್‌ನ ಡಿಸ್ಕ್ ಕ್ಯಾಶ್, ಒಮ್ಮೆ ಸಿದ್ಧಪಡಿಸಿದ ಫ್ರೇಮ್‌ಗಳನ್ನು ಮರುಬಳಕೆಗಾಗಿ ಉಳಿಸಿಕೊಳ್ಳುತ್ತದೆ. ಡಾವಿಂಚಿ ರಿಸಾಲ್ವ್‌ನ ರೆಂಡರ್ ಕ್ಯಾಶ್, ವರ್ಣ ತಿದ್ದುಪಡಿ ಹಾಗೂ ಎಫೆಕ್ಟ್‌ಗಳನ್ನು ಅಳವಡಿಸಿದ ದೃಶ್ಯಗಳನ್ನು ವೀಡಿಯೊ ರೂಪದಲ್ಲಿ ಬರೆದಿಡುವುದರಿಂದ ಹೆಚ್ಚು ಜಾಗವನ್ನು ಬಳಸುತ್ತದೆ.

ಡ್ರೈವ್‌ಗಳ ಹೋಲಿಕೆ

ಹಾರ್ಡ್ ಡಿಸ್ಕ್‌ನಲ್ಲಿ ದತ್ತಾಂಶವು ತಿರುಗುವ ತಟ್ಟೆಗಳ ಮೇಲಿರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕಾಗುತ್ತದೆ. ಕ್ಯಾಶ್‌ನಲ್ಲಿ ಸಾವಿರಾರು ಸಣ್ಣ ಕಡತಗಳಿರುವುದರಿಂದ ಈ ವಿಳಂಬ ಪದೇ ಪದೇ ಎದುರಾಗುತ್ತದೆ. ಎಸ್‌ಎಸ್‌ಡಿಗಳಲ್ಲಿ ಚಲಿಸುವ ಭಾಗಗಳಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ವರೆಗೆ ಓದಬಲ್ಲದು, ಪಿಸಿಐಇ 3.0 ಆಧಾರಿತ ಎನ್‌ವಿಎಂಇ ಡ್ರೈವ್‌ಗಳಲ್ಲಿ ಈ ವೇಗ ಸುಮಾರು 3,500 ಮೆಗಾಬೈಟ್‌ವರೆಗೆ ಇರುತ್ತದೆ.

ಆಯ್ಕೆಯ ವಿಧಾನ

ಸಂಕಲನದ ವೇಳೆ ಕಾರ್ಯಾಚರಣಾ ವ್ಯವಸ್ಥೆ, ಮೂಲ ವೀಡಿಯೊ ಮತ್ತು ಕ್ಯಾಶ್ ಮೂರೂ ಡ್ರೈವ್‌ಗಳನ್ನು ಏಕಕಾಲದಲ್ಲಿ ಬಳಸುತ್ತವೆ. ಇವು ಒಂದೇ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಅದರ ಓದುವ ತಲೆಯು ಬೇರೆ ಬೇರೆ ಸ್ಥಳಗಳಿಗೆ ಓಡಾಡಬೇಕಾಗುತ್ತದೆ. ಕ್ಯಾಶ್‌ಗೆ ಪ್ರತ್ಯೇಕ ಡ್ರೈವ್ ಇರಬೇಕೆಂಬ ಸಲಹೆಗೆ ಇದು ಮುಖ್ಯ ಕಾರಣ. ಆದರೆ ಪ್ರತ್ಯೇಕಿಸುವ ಸಲುವಾಗಿಯೇ ಕ್ಯಾಶ್ ಅನ್ನು ಎನ್‌ವಿಎಂಇ ಡ್ರೈವ್‌ನಿಂದ ಹಾರ್ಡ್ ಡಿಸ್ಕ್‌ಗೆ ಸ್ಥಳಾಂತರಿಸಿದರೆ ವೇಗ ಕುಗ್ಗುತ್ತದೆ. ಒಂದು ಎಸ್‌ಎಸ್‌ಡಿ ಹಾಗೂ ಒಂದು ಹಾರ್ಡ್ ಡಿಸ್ಕ್ ಮಾತ್ರ ಇರುವ ಗಣಕದಲ್ಲಿ ಕ್ಯಾಶ್ ಅನ್ನು ಎಸ್‌ಎಸ್‌ಡಿಯಲ್ಲಿಯೂ ಮೂಲ ವೀಡಿಯೊಗಳನ್ನು ಹಾರ್ಡ್ ಡಿಸ್ಕ್‌ನಲ್ಲಿಯೂ ಇಡುವುದು ಸೂಕ್ತ. ಎರಡು ಎಸ್‌ಎಸ್‌ಡಿಗಳಿದ್ದರೆ ಕಾರ್ಯಾಚರಣಾ ವ್ಯವಸ್ಥೆ ಇಲ್ಲದ ಡ್ರೈವ್ ಅನ್ನು ಕ್ಯಾಶ್‌ಗೆ ಬಳಸಬಹುದು.

ರೇಡ್ 0 ಜೋಡಣೆಯಲ್ಲಿ ಒಂದು ಡ್ರೈವ್ ಕೆಟ್ಟರೂ ಎಲ್ಲ ದತ್ತಾಂಶ ನಷ್ಟವಾಗುತ್ತದೆ. ಕ್ಯಾಶ್‌ಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಬೇರೆ ಪ್ರತಿಯಿಲ್ಲದ ಮೂಲ ವೀಡಿಯೊಗಳಿಗೆ ಇದು ತಕ್ಕುದಲ್ಲ. ಯುಎಸ್‌ಬಿ ಮೂಲಕ ಜೋಡಿಸಿದ ಎಸ್‌ಎಸ್‌ಡಿಯನ್ನೂ ಬಳಸಬಹುದಾದರೂ, ಕೆಲಸದ ನಡುವೆ ಸಂಪರ್ಕ ತಪ್ಪಿದರೆ ತಂತ್ರಾಂಶ ಸ್ಥಗಿತಗೊಳ್ಳುವ ಸಾಧ್ಯತೆಯಿದೆ.

ನಿರ್ವಹಣೆ

ಪ್ರೀಮಿಯರ್ ಪ್ರೊನಲ್ಲಿ ಕ್ಯಾಶ್‌ನ ಸ್ಥಳವನ್ನು ಬದಲಿಸದಿದ್ದರೆ ಅದು ಬಳಕೆದಾರರ ಖಾತೆಯ ಫೋಲ್ಡರ್‌ನಲ್ಲಿ, ಸಾಮಾನ್ಯವಾಗಿ ಕಾರ್ಯಾಚರಣಾ ವ್ಯವಸ್ಥೆಯ ಡ್ರೈವ್‌ನಲ್ಲಿಯೇ ಬೆಳೆಯುತ್ತದೆ. ಆ ಡ್ರೈವ್ ತುಂಬಿದರೆ ಇಡೀ ಗಣಕದ ಕೆಲಸ ನಿಧಾನವಾಗುತ್ತದೆ. ಹಳೆಯ ಕ್ಯಾಶ್ ಕಡತಗಳನ್ನು ಅವಧಿ ಅಥವಾ ಗಾತ್ರದ ಮಿತಿಗೆ ಅನುಗುಣವಾಗಿ ಅಳಿಸುವ ಸೌಲಭ್ಯ ಈ ತಂತ್ರಾಂಶದಲ್ಲಿದೆ. ಅಳಿಸಿದ ನಂತರ ಯೋಜನೆಯನ್ನು ಮೊದಲ ಬಾರಿ ತೆರೆದಾಗ ಕ್ಯಾಶ್ ಮರುಸೃಷ್ಟಿಯಾಗಲು ಸಮಯ ಹಿಡಿಯುತ್ತದೆ.

ಯೋಜನಾ ಕಡತ ಮತ್ತು ಸ್ವಯಂ-ಉಳಿಕೆಯ ಪ್ರತಿಗಳು ಕ್ಯಾಶ್ ಅಲ್ಲ. ಸಂಕಲನಕಾರರ ನಿರ್ಧಾರಗಳೆಲ್ಲ ಅವುಗಳಲ್ಲಿಯೇ ದಾಖಲಾಗಿರುವುದರಿಂದ ಮೂಲ ವೀಡಿಯೊಗಳಿಂದ ಅವನ್ನು ಮತ್ತೆ ಪಡೆಯಲಾಗದು. ಆದ್ದರಿಂದ ಅವನ್ನು ಕ್ಯಾಶ್ ಫೋಲ್ಡರ್‌ನಿಂದ ದೂರವಿರಿಸಿ, ಮತ್ತೊಂದು ಡ್ರೈವ್‌ನಲ್ಲಿಯೂ ಪ್ರತಿ ಉಳಿಸಿಕೊಳ್ಳುವುದು ಅಗತ್ಯ.